ಡಿಸ್ನಿ ವರ್ಲ್ಡ್‌ನಲ್ಲಿ ಇಬ್ಬರಿಗೊಂದು ಅಗ್ಗದ ಕೋಣೆ

ಮಕ್ಕಳಿಲ್ಲದೆ ಡಿಸ್ನಿ ವರ್ಲ್ಡ್‌ಗಾ ಎಂದು ಹುಬ್ಬೇರಿಸುವವರು ಇನ್ನೂ ಇದ್ದಾರೆ. ಹೋಗಿ ನೋಡಿದರೆ ಅಲ್ಲಿ ಜೋಡಿಗಳಿಗೇನೂ ಬರವಿಲ್ಲ. ಮದುವೆಯಾಗಿ ತಿಂಗಳು ತುಂಬದವರು, ಮಕ್ಕಳನ್ನು ಕಾಲೇಜಿಗೆ ಸೇರಿಸಿ ಉಸಿರುಬಿಟ್ಟವರು, ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳ ಮನೆಗೆ ಬೆಂಗಳೂರಿನಿಂದ ಬಂದು, "ನಮಗೆ ರಜೆ ಸಿಗೋಲ್ಲ, ನೀವಿಬ್ಬರೂ ಹೋಗಿ ಬನ್ನಿ" ಎಂದು ವಿಮಾನ ಹತ್ತಿಸಲ್ಪಟ್ಟ ಅಪ್ಪ-ಅಮ್ಮ, ಎಲ್ಲರೂ ಸಿಗುತ್ತಾರೆ. ಟಿಕೆಟ್ಟಿನ ದರ ನೋಡಿ ಎದೆ ಧಸಕ್ಕೆಂದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಉಳಿಯುವುದಾದರೂ ಕಡಿಮೆ ಖರ್ಚಿನಲ್ಲಿ ಆಗುತ್ತದೆಯೇ?

ಆಗುತ್ತದೆ. ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನ ಆವರಣದೊಳಗೇ 'ವ್ಯಾಲ್ಯೂ' ದರ್ಜೆಯ ಐದು ಹೋಟೆಲುಗಳಿವೆ. ಕೋಣೆ ಚಿಕ್ಕದು, ಬಾಲ್ಕನಿ ಇಲ್ಲ, ಮೇಜಿಗೆ ಊಟ ತಂದುಕೊಡುವ ರೆಸ್ಟೊರೆಂಟ್ ಇಲ್ಲ. ಆದರೂ ಇಬ್ಬರೇ ಹೋಗುವವರಿಗೆ ಇವು ಹೇಳಿ ಮಾಡಿಸಿದಂತಿವೆ. ಇಲ್ಲಿ ನೀವು ಕೊಡುವ ಹಣದ ದೊಡ್ಡ ಪಾಲು ಸಲ್ಲುವುದು ಹೊತ್ತಿಗೆ: ಬೆಳಗ್ಗೆ ಅರ್ಧ ಗಂಟೆ ಮುಂಚಿನ ಪ್ರವೇಶ, ಮಧ್ಯಾಹ್ನ ಬಂದು ಮಲಗಿ ಹೋಗುವಷ್ಟು ಹತ್ತಿರದ ಹಾಸಿಗೆ, ಕಾರಿನ ತಲೆನೋವಿಲ್ಲದ ಓಡಾಟ. ಈ ಮೂರನ್ನೂ ಬಳಸಿಕೊಳ್ಳುವವರಿಗೆ ಮಾತ್ರ ಈ ಕೋಣೆ ಅಗ್ಗ.

ಮೊದಲು ಲೆಕ್ಕ

ಡಿಸ್ನಿ ಹೋಟೆಲುಗಳ ದರ ದಿನದಿನಕ್ಕೂ ಬದಲಾಗುತ್ತದೆ. ಜನ ಕಡಿಮೆ ಇರುವ ದಿನಗಳಲ್ಲಿ ಆಲ್-ಸ್ಟಾರ್ ಹೆಸರಿನ ಮೂರು ಹೋಟೆಲುಗಳಲ್ಲಿ ರಾತ್ರಿಗೆ 150 ಡಾಲರ್ ಆಸುಪಾಸು, ಪಾಪ್ ಸೆಂಚುರಿಯಲ್ಲಿ 200ರ ಆಸುಪಾಸು ಇರುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಅದೇ ಕೋಣೆ 300 ದಾಟುತ್ತದೆ. ಇದರ ಮೇಲೆ ತೆರಿಗೆ ಶೇ. 12.5ರಿಂದ 13.5. ಈ ದರ ಇಬ್ಬರು ವಯಸ್ಕರಿಗೆ ಹಾಕಿದ ದರ. ಮೂರನೆಯ ವಯಸ್ಕರು ಸೇರಿದರೆ ಹೆಚ್ಚುವರಿ ಕೊಡಬೇಕು. ಅಂದರೆ ಗಂಡ-ಹೆಂಡತಿ ಇಬ್ಬರೇ ಹೋದರೆ ಬೋರ್ಡಿನಲ್ಲಿ ಕಂಡದ್ದೇ ದರ.

ಆವರಣದ ಹೊರಗೆ ಕಿಸಿಮ್ಮಿ ಕಡೆ 90 ಡಾಲರಿಗೇ ಕೋಣೆ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. ಒಂದು ಮಾದರಿ ಲೆಕ್ಕ ಹಾಕೋಣ. ನಾಲ್ಕು ರಾತ್ರಿ, ನಾಲ್ಕು ದಿನ ಪಾರ್ಕು. ಹೊರಗಿನ ಹೋಟೆಲಿಗೆ 360 ಡಾಲರ್. ಹಲವು ಕಡೆ ದಿನಕ್ಕೆ 20 ಡಾಲರಿನಂತೆ 'ರೆಸಾರ್ಟ್ ಫೀ' ಎಂದು ಹಿಂಬಾಗಿಲಿನಿಂದ ಇನ್ನೊಂದು 80. ತೆರಿಗೆ ಸೇರಿ ಸುಮಾರು 500. ಕಾರಿಲ್ಲದೆ ಅಲ್ಲಿ ಹೆಜ್ಜೆ ಇಡಲಾಗದು. ಬಾಡಿಗೆ ಕಾರಿಗೆ ದಿನಕ್ಕೆ 50ರಂತೆ 200, ಪೆಟ್ರೋಲು-ಟೋಲಿಗೆ 40. ಥೀಮ್ ಪಾರ್ಕಿನಲ್ಲಿ ಕಾರು ನಿಲ್ಲಿಸಲು ದಿನಕ್ಕೆ ಸುಮಾರು 30ರಂತೆ 120. ಒಟ್ಟು 860.

ಪಾಪ್ ಸೆಂಚುರಿಯಲ್ಲಿ ರಾತ್ರಿಗೆ 220 ಎಂದಿಟ್ಟುಕೊಂಡರೆ 880, ತೆರಿಗೆ 110, ವಿಮಾನ ನಿಲ್ದಾಣದಿಂದ ಹೋಗಿ ಬರಲು ಟ್ಯಾಕ್ಸಿಗೆ 80. ಒಟ್ಟು 1,070. ವ್ಯತ್ಯಾಸ 210 ಡಾಲರ್. ತಲೆಗೆ ದಿನಕ್ಕೆ 26. ಆಲ್-ಸ್ಟಾರ್‌ನಲ್ಲಿ 160ಕ್ಕೆ ಕೋಣೆ ಸಿಕ್ಕರೆ ಎಲ್ಲ ಸೇರಿ 800ರ ಸುತ್ತ ಬರುತ್ತದೆ. ಹೊರಗಿನ 'ಅಗ್ಗದ' ಕೋಣೆಗಿಂತ ಅದೇ ಕಡಿಮೆ.

ಆದರೆ ಅಟ್ಲಾಂಟಾದಿಂದಲೋ ಟ್ಯಾಂಪಾದಿಂದಲೋ ನಿಮ್ಮ ಕಾರಿನಲ್ಲೇ ಬರುವವರಾದರೆ ಲೆಕ್ಕ ತಿರುಗಿಬೀಳುತ್ತದೆ. ಆಗ ಬಾಡಿಗೆ ಕಾರಿನ ಖರ್ಚನ್ನು ತೆಗೆದುಹಾಕಿ ಮತ್ತೆ ಕೂಡಿ ನೋಡಿ. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಹೋಟೆಲಿನಲ್ಲೂ ಪಾರ್ಕಿನಲ್ಲೂ ಪಾರ್ಕಿಂಗ್ ಉಚಿತ, ರೆಸಾರ್ಟ್ ಫೀ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಐದರಲ್ಲಿ ಯಾವುದು?

ಆಲ್-ಸ್ಟಾರ್ ಸ್ಪೋರ್ಟ್ಸ್, ಆಲ್-ಸ್ಟಾರ್ ಮ್ಯೂಸಿಕ್, ಆಲ್-ಸ್ಟಾರ್ ಮೂವೀಸ್ ಎಂಬ ಮೂರು ಹೋಟೆಲುಗಳು ಅಕ್ಕಪಕ್ಕದಲ್ಲಿವೆ. ಮೊದಲೆರಡು 1994ರಲ್ಲಿ, ಮೂರನೆಯದು 1999ರಲ್ಲಿ ತೆರೆದವು. ದರದಲ್ಲಿ ಇವೇ ಎಲ್ಲಕ್ಕಿಂತ ಕೆಳಗೆ. ಓಡಾಟಕ್ಕೆ ಬಸ್ಸೊಂದೇ ಗತಿ, ಕೆಲವೊಮ್ಮೆ ಒಂದೇ ಬಸ್ಸು ಮೂರೂ ಹೋಟೆಲು ಸುತ್ತಿ ಹೋಗುತ್ತದೆ. ಇನ್ನೊಂದು ವಿಷಯ ಜೋಡಿಗಳಿಗೆ ಮುಖ್ಯ. ಡಿಸ್ನಿಯ ಕ್ರೀಡಾ ಸಂಕೀರ್ಣದಲ್ಲಿ ಶಾಲಾಮಕ್ಕಳ ಚಿಯರ್‌ಲೀಡಿಂಗ್, ನೃತ್ಯ, ಆಟೋಟ ಸ್ಪರ್ಧೆಗಳು ನಡೆದಾಗ ತಂಡಗಳು ಇಳಿಯುವುದು ಹೆಚ್ಚಾಗಿ ಈ ಅಗ್ಗದ ಹೋಟೆಲುಗಳಲ್ಲೇ. ಆಗ ಈಜುಕೊಳದ ಸುತ್ತ ನಡುರಾತ್ರಿಯವರೆಗೂ ಗಲಾಟೆ. ಬುಕ್ ಮಾಡುವ ಮುಂಚೆ ನಿಮ್ಮ ದಿನಾಂಕಕ್ಕೆ ಅಂಥ ಸ್ಪರ್ಧೆ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಆರ್ಟ್ ಆಫ್ ಆನಿಮೇಷನ್ 2012ರದು. ಬಹುಪಾಲು ಕೋಣೆಗಳು ದೊಡ್ಡ ಕುಟುಂಬಕ್ಕೆಂದು ಕಟ್ಟಿದ ಸ್ವೀಟ್‌ಗಳು. ಇಬ್ಬರಿಗೆ ಸಾಕಾಗುವ ಸಾಮಾನ್ಯ ಕೋಣೆಗಳಿರುವುದು 'ಲಿಟ್ಲ್ ಮರ್ಮೇಡ್' ವಿಭಾಗದಲ್ಲಿ ಮಾತ್ರ. ಅದು ಮುಖ್ಯ ಕಟ್ಟಡದಿಂದ ಎಲ್ಲಕ್ಕಿಂತ ದೂರ, ದರವೂ ಸಾಮಾನ್ಯವಾಗಿ ಪಾಪ್ ಸೆಂಚುರಿಗಿಂತ ಜಾಸ್ತಿ. ಜೋಡಿಗೆ ಅದರಿಂದ ವಿಶೇಷ ಲಾಭವಿಲ್ಲ.

ಉಳಿದದ್ದು ಪಾಪ್ ಸೆಂಚುರಿ. 2003ರ ಡಿಸೆಂಬರಿನಲ್ಲಿ ತೆರೆದ 2,880 ಕೋಣೆಗಳ ಹೋಟೆಲು. 1950ರಿಂದ 1990ರ ದಶಕದವರೆಗೆ ಒಂದೊಂದು ದಶಕಕ್ಕೂ ಒಂದೊಂದು ವಿಭಾಗ. ನಾಲ್ಕಂತಸ್ತಿನ ಕಟ್ಟಡಗಳಿಗೆ ಆನಿಸಿ ನಿಲ್ಲಿಸಿದ ಭಾರೀ ಯೋ-ಯೋ, ಬೌಲಿಂಗ್ ಪಿನ್ನು, ರೂಬಿಕ್ಸ್ ಕ್ಯೂಬ್. ಅರವತ್ತರ ದಶಕದ ಅಂಗಳದಲ್ಲಿ ಬಾಲೂ ಕರಡಿಯೂ ಮೋಗ್ಲಿಯೂ ನಿಂತಿದ್ದಾರೆ. ಅಲ್ಲಿ ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋಗುವ ಭಾರತೀಯರು ಕಡಿಮೆ. ಮೊದಲಿನ ಯೋಜನೆಯಂತೆ ಶತಮಾನದ ಮೊದಲ ಐವತ್ತು ವರ್ಷಗಳಿಗೂ ಕೆರೆಯಾಚೆ ಇಂಥದೇ ಇನ್ನೊಂದು ಭಾಗ ಬರಬೇಕಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ಪ್ರವಾಸಿಗರು ಕುಸಿದು ಕೆಲಸ ನಿಂತಿತು. ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದ ಆ ಜಾಗದಲ್ಲೇ ಆಮೇಲೆ ಆರ್ಟ್ ಆಫ್ ಆನಿಮೇಷನ್ ಎದ್ದಿತು. ಎರಡು ಭಾಗಗಳನ್ನು ಸೇರಿಸಲೆಂದು ಕಟ್ಟಿದ ಸೇತುವೆ ಮಾತ್ರ ಉಳಿಯಿತು. ಕೇಬಲ್ ಕಾರಿನ ನಿಲ್ದಾಣ ಬಂದು ನಿಂತದ್ದು ಆ ಸೇತುವೆಯ ಬಳಿಯೇ, ಪಾಪ್ ಸೆಂಚುರಿಯ ಅದೃಷ್ಟ ಕುದುರಿದ್ದೂ ಅಲ್ಲಿಂದಲೇ.

2019ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಕೇಬಲ್ ಕಾರಿನ ಹೆಸರು 'ಸ್ಕೈಲೈನರ್'. ಇಲ್ಲಿಂದ ಕೆರಿಬಿಯನ್ ಬೀಚ್ ಎಂಬ ಕೂಡು ನಿಲ್ದಾಣಕ್ಕೆ ಹೋಗಿ, ಅಲ್ಲಿ ಬದಲಾಯಿಸಿದರೆ ಒಂದು ದಾರಿ ಹಾಲಿವುಡ್ ಸ್ಟುಡಿಯೋಸ್‌ಗೆ, ಇನ್ನೊಂದು ಎಪ್ಕಾಟ್‌ಗೆ. ನಾಲ್ಕು ಪಾರ್ಕುಗಳಲ್ಲಿ ಎರಡಕ್ಕೆ ಬಸ್ಸಿನ ಹಂಗಿಲ್ಲ. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಆನಿಮಲ್ ಕಿಂಗ್‌ಡಮ್‌ಗೆ ಬಸ್ಸೇ. ಹತ್ತುವವರಿಗೊಂದು ಮಾತು: ಡಬ್ಬಿ ಪೂರ್ತಿ ನಿಲ್ಲುವುದಿಲ್ಲ, ನಿಧಾನ ಸರಿಯುತ್ತಿರುವಾಗಲೇ ಕಾಲಿಡಬೇಕು. ಮಂಡಿ ನೋವಿನವರು, ಗಾಲಿಕುರ್ಚಿಯವರು ಸಿಬ್ಬಂದಿಗೆ ಹೇಳಿದರೆ ನಿಂತ ಡಬ್ಬಿಗೆ ಹತ್ತಿಸುವ ಪ್ರತ್ಯೇಕ ವ್ಯವಸ್ಥೆ ಇದೆ. ಒಳಗೆ ಹತ್ತು ಜನಕ್ಕೆ ಜಾಗ, ಆದರೆ ಜನ ಕಡಿಮೆಯಿದ್ದರೆ ಇಬ್ಬರಿಗೇ ಒಂದು ಡಬ್ಬಿ ಸಿಗುವುದೂ ಉಂಟು. ಏಸಿ ಇಲ್ಲ, ಚಲಿಸುವಾಗ ಕಿಂಡಿಗಳಿಂದ ಗಾಳಿ ಬರುತ್ತದೆ, ನಡುವೆ ನಿಂತರೆ ಸೆಕೆ. ಗುಡುಗು-ಮಿಂಚು ಬಂದರೆ ನಿಲ್ಲಿಸಿಬಿಡುತ್ತಾರೆ, ಆಗ ಬಸ್ಸು ಬಿಡುತ್ತಾರೆ. ಫ್ಲಾರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಮಳೆ ದಿನನಿತ್ಯದ ಮಾತಾದ್ದರಿಂದ ಇದನ್ನು ಮನಸ್ಸಿನಲ್ಲಿಡಿ.

ನಮ್ಮ ಸಲಹೆ ಇಷ್ಟು. ಪಾಪ್ ಸೆಂಚುರಿಗೂ ಆಲ್-ಸ್ಟಾರ್‌ಗೂ ರಾತ್ರಿಗೆ 40-50 ಡಾಲರ್ ಅಂತರವಿದ್ದರೆ ಪಾಪ್ ಸೆಂಚುರಿಯನ್ನೇ ಹಿಡಿಯಿರಿ. ಅಂತರ ಅದಕ್ಕಿಂತ ಹಿಗ್ಗಿದರೆ ಆಲ್-ಸ್ಟಾರ್‌ನಲ್ಲಿ ಉಳಿದು, ಆ ಹಣದಲ್ಲಿ ಒಂದು ಒಳ್ಳೆಯ ಊಟ ಮಾಡಿ.

ಕೋಣೆಯೊಳಗೆ

ಬಾಗಿಲು ತೆರೆದರೆ ಕಾಣುವುದು 260 ಚದರಡಿ. ನೆಲಕ್ಕೆ ಮರದ ಬಣ್ಣದ ಹಾಸು, ಕಾರ್ಪೆಟ್ಟಿಲ್ಲ. ಒಂದು ಕ್ವೀನ್ ಮಂಚ ಸದಾ ಹಾಸಿರುತ್ತದೆ. ಇನ್ನೊಂದು ಗೋಡೆಯೊಳಗೆ ಮಡಚಿಟ್ಟಿರುತ್ತದೆ. ಮಡಚಿದಾಗ ಆ ಜಾಗದಲ್ಲಿ ಮೇಜೂ ಕುರ್ಚಿಯೂ ಬಂದು ಕೂರುತ್ತವೆ. ಜೋಡಿಗೆ ಈ ಕೋಣೆ ಒಪ್ಪುವುದು ಈ ಕಾರಣಕ್ಕೇ. ನಾಲ್ವರು ಮಲಗಿದರೆ ಕಾಲಿಡಲು ತಾವಿರದ ಕೋಣೆಯಲ್ಲಿ ಇಬ್ಬರಿದ್ದಾಗ ಗೋಡೆಯ ಮಂಚವನ್ನು ಇಳಿಸುವ ಪ್ರಮೇಯವೇ ಇಲ್ಲ. ಊಟಕ್ಕೆ, ಲ್ಯಾಪ್‌ಟಾಪಿಗೆ ಮೇಜು ಸಿಗುತ್ತದೆ, ಸೂಟ್‌ಕೇಸುಗಳು ದೊಡ್ಡ ಮಂಚದ ಕೆಳಗೆ ಹೋಗುತ್ತವೆ. ಒಬ್ಬರು ಗೊರಕೆ ಹೊಡೆಯುವವರಾದರೆ ಎರಡನೆಯ ಮಂಚವೂ ಉಪಯೋಗಕ್ಕೆ ಬಂದೀತು.

ಚಿಕ್ಕ ಫ್ರಿಜ್, ಕಾಫಿ ಯಂತ್ರ, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಇರುತ್ತವೆ. ಮೈಕ್ರೊವೇವ್ ಕೋಣೆಯಲ್ಲಿಲ್ಲ, ಫುಡ್ ಕೋರ್ಟಿನಲ್ಲಿದೆ. ಬಟ್ಟೆ ಒಗೆಯಲು ಹಣ ಕೊಟ್ಟು ಬಳಸುವ ಯಂತ್ರಗಳು ಆವರಣದಲ್ಲಿವೆ, ಹಾಗಾಗಿ ಬಟ್ಟೆ ಹೊರೆ ಹೊತ್ತು ಬರಬೇಕಿಲ್ಲ.

ಕೋಣೆಗಳ ಬಾಗಿಲು ತೆರೆಯುವುದು ಹೊರಗಿನ ಪಡಸಾಲೆಗೆ. ಬೇರೆಯವರು ಓಡಾಡುವುದು ನಿಮ್ಮ ಕಿಟಕಿಯ ಮುಂದೆಯೇ, ಆದ್ದರಿಂದ ಪರದೆ ಮುಚ್ಚಿಯೇ ಇರಬೇಕಾಗುತ್ತದೆ. ಕೆಲವು ಕೋಣೆಗಳಲ್ಲಿ ಪಕ್ಕದ ಕೋಣೆಗೆ ತೆರೆಯುವ ಒಳಬಾಗಿಲಿರುತ್ತದೆ, ಅದರ ಸಂದಿಯಿಂದ ಪಕ್ಕದವರ ಟೀವಿ, ಮಕ್ಕಳ ಅಳು ಎಲ್ಲ ಕೇಳುತ್ತದೆ. ಆನ್‌ಲೈನ್ ಚೆಕ್-ಇನ್ ಮಾಡುವಾಗ ಕೋರಿಕೆ ತಿಳಿಸಲು ಅವಕಾಶವಿದೆ. ಒಳಬಾಗಿಲಿಲ್ಲದ ಕೋಣೆ, ಮೇಲಿನ ಮಹಡಿ, ಈಜುಕೊಳದಿಂದ ದೂರ ಎಂದು ಕೇಳಿ ನೋಡಿ. ಕೊಟ್ಟೇ ಕೊಡುತ್ತಾರೆಂಬ ಭರವಸೆಯಿಲ್ಲ, ಕೇಳಿದವರಿಗೆ ಸಿಗುವ ಸಂಭವ ಹೆಚ್ಚು. ಹಿರಿಯರಾದರೆ ನೆಲಮಹಡಿಯನ್ನೋ ಲಿಫ್ಟಿನ ಹತ್ತಿರದ ಕೋಣೆಯನ್ನೋ ಕೇಳಬೇಕು. ಮುಖ್ಯ ಕಟ್ಟಡದ ಸಮೀಪದ 'ಪ್ರಿಫರ್ಡ್' ಕೋಣೆಗೆ ಹೆಚ್ಚು ದರವಿದೆ. ನಡಿಗೆ ತೊಂದರೆಯಿಲ್ಲದವರಿಗೆ ಅದು ದಂಡ.

ಇಬ್ಬರೂ ತಿಳಿದಿರಬೇಕಾದ ಒಂದು ನಿಯಮ: ಬಾಗಿಲಿಗೆ ನೇತುಹಾಕುವ ಫಲಕದಲ್ಲಿ 'ತೊಂದರೆ ಕೊಡಬೇಡಿ' ಎಂದಿರುವುದಿಲ್ಲ, 'ಕೋಣೆಯಲ್ಲಿ ಜನರಿದ್ದಾರೆ' ಎಂದಷ್ಟೇ ಇರುತ್ತದೆ. ಸುರಕ್ಷತೆಯ ತಪಾಸಣೆಗೆಂದು ಸಿಬ್ಬಂದಿ ದಿನಕ್ಕೊಮ್ಮೆ ಬಾಗಿಲು ತಟ್ಟಿ ಒಳಬರಬಹುದು. ಒಳಗಿದ್ದಾಗ ಒಳಚಿಲಕ ಹಾಕಿಕೊಳ್ಳಿ, ತಟ್ಟಿದರೆ ಉತ್ತರ ಕೊಡಿ.

ಊದುಬತ್ತಿ ಹಚ್ಚಬೇಡಿ. ಕೋಣೆಯಲ್ಲಿ ಹೊಗೆ ನಿಷಿದ್ಧ. ಸಿಗರೇಟಿನ ಹೊಗೆಯೋ ದೇವರ ಮುಂದಿನ ಹೊಗೆಯೋ ಎಂದು ಯಾರೂ ವಿಚಾರಿಸುವುದಿಲ್ಲ, ದಂಡ ಕಾರ್ಡಿಗೆ ಬೀಳುತ್ತದೆ. ಕುಕ್ಕರ್, ಎಲೆಕ್ಟ್ರಿಕ್ ಒಲೆಯನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಕಾಯ್ದಿರಿಸುವಾಗ

ಕೋಣೆಯನ್ನಷ್ಟೇ ಬುಕ್ ಮಾಡುವುದು ಜೋಡಿಗೆ ಒಳ್ಳೆಯದು. ಒಂದು ರಾತ್ರಿಯ ಹಣ ಮುಂಗಡ, ಬರುವ ದಿನಕ್ಕೆ ಐದು ದಿನ ಮುಂಚೆ ರದ್ದು ಮಾಡಿದರೆ ಪೂರ್ತಿ ವಾಪಸ್. ಟಿಕೆಟ್ಟು ಸೇರಿಸಿದ ಪ್ಯಾಕೇಜಿನ ನಿಯಮ ಇದಕ್ಕಿಂತ ಬಿಗಿ: ಬರುವುದಕ್ಕೆ ತಿಂಗಳು ಇರುವಾಗಲೇ ರದ್ದತಿ ಶುಲ್ಕ ಶುರು. ರಜೆ ಮಂಜೂರಾಗುವುದು ಕೊನೆಗಳಿಗೆಯಲ್ಲಿ ಎಂಬ ಸಾಫ್ಟ್‌ವೇರ್ ಮಂದಿಗೆ ಈ ಅಂತರ ಸಣ್ಣದಲ್ಲ. ಕೋಣೆ ಹಿಡಿದಿಟ್ಟ ಮೇಲೂ ಡಿಸ್ನಿಯ ಜಾಲತಾಣದಲ್ಲಿ ರಿಯಾಯಿತಿಗಳ ಮೇಲೆ ಕಣ್ಣಿಡಿ. ಬಂದರೆ ಹಳೆಯ ಬುಕಿಂಗನ್ನು ಹೊಸ ದರಕ್ಕೆ ಬದಲಿಸಿಕೊಳ್ಳಿ.

ಇಬ್ಬರ ಹೆಸರನ್ನೂ ಬುಕಿಂಗಿನಲ್ಲಿ ಹಾಕಿ, ಡಿಸ್ನಿ ಆಪ್‌ನಲ್ಲಿ ಇಬ್ಬರ ಖಾತೆಯನ್ನೂ ಜೋಡಿಸಿ. ಫೋನಿನಿಂದಲೇ ಬಾಗಿಲು ತೆರೆಯುವ ಸೌಲಭ್ಯ ಆಗ ಇಬ್ಬರಿಗೂ ಸಿಗುತ್ತದೆ. ಒಬ್ಬರ ಫೋನು ಸತ್ತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾಗಿಲ್ಲ. ಕೌಂಟರಿನಲ್ಲಿ ಕೇಳಿದರೆ ಪ್ಲಾಸ್ಟಿಕ್ ಕಾರ್ಡೂ ಪುಕ್ಕಟೆ ಕೊಡುತ್ತಾರೆ. ಗುರುತಿಗೆ ಪಾಸ್‌ಪೋರ್ಟು ಅಥವಾ ಡ್ರೈವಿಂಗ್ ಲೈಸೆನ್ಸು, ಜೊತೆಗೊಂದು ಕ್ರೆಡಿಟ್ ಕಾರ್ಡು ಸಾಕು. ಮದುವೆಯಾಗಿದೆಯೇ ಎಂದು ಯಾರೂ ಕೇಳುವುದಿಲ್ಲ.

ಕೋಣೆ ಕೈಗೆ ಸಿಗುವುದು ಮಧ್ಯಾಹ್ನ 3ಕ್ಕೆ, ಬಿಡಬೇಕಾದ್ದು ಬೆಳಗ್ಗೆ 11ಕ್ಕೆ. ಮುಂಚೆ ಬಂದರೂ ಬಿಟ್ಟ ಮೇಲೂ ಸಾಮಾನನ್ನು ಹೋಟೆಲಿನವರೇ ಇಟ್ಟುಕೊಳ್ಳುತ್ತಾರೆ. ಬೆಳಗಿನ ವಿಮಾನದಲ್ಲಿ ಬಂದವರು ಪೆಟ್ಟಿಗೆ ಕೊಟ್ಟು ನೇರ ಈಜುಕೊಳಕ್ಕೆ ಹೋಗಬಹುದು. ವಿಮಾನ ನಿಲ್ದಾಣದಿಂದ ಹಿಂದೆ ಇದ್ದ ಉಚಿತ ಬಸ್ಸು 2022ರ ಆರಂಭದಲ್ಲಿ ನಿಂತುಹೋಗಿದೆ. ಈಗ ದುಡ್ಡು ಕೊಟ್ಟು ಹತ್ತುವ ಬಸ್ಸು ಅಥವಾ ಆಪ್ ಟ್ಯಾಕ್ಸಿ. ಬಸ್ಸಿಗೆ ತಲೆಲೆಕ್ಕದಲ್ಲಿ ದುಡ್ಡು, ಟ್ಯಾಕ್ಸಿಗೆ ಗಾಡಿಲೆಕ್ಕ. ಇಬ್ಬರಿಗೆ ಎರಡರ ನಡುವಿನ ಅಂತರ ಅಷ್ಟೇನೂ ಇರದು, ಟ್ಯಾಕ್ಸಿಯಲ್ಲಿ ಕಾಯುವುದು ತಪ್ಪುತ್ತದೆ.

ಯಾವಾಗ ಹೋಗಬೇಕು? ಶಾಲೆಗಳಿಗೆ ಹೊಂದಿಕೊಂಡು ನಡೆಯಬೇಕಿಲ್ಲದ್ದೇ ಜೋಡಿಗಳ ದೊಡ್ಡ ಬಲ. ಫ್ಲಾರಿಡಾದ ಶಾಲೆಗಳು ಆಗಸ್ಟ್ ಮಧ್ಯದಲ್ಲಿ ತೆರೆಯುತ್ತವೆ; ಅಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ದರವೂ ಸಾಲೂ ಇಳಿಮುಖ. ಆದರೆ ಸೆಕೆ ಬೆವರಿಳಿಸುತ್ತದೆ, ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಹವೆಯೂ ಹಿತವಾಗಿರಬೇಕು, ಜೇಬೂ ಉಳಿಯಬೇಕು ಎನ್ನುವವರಿಗೆ ಥ್ಯಾಂಕ್ಸ್‌ಗಿವಿಂಗ್ ಮುಗಿದು ಕ್ರಿಸ್‌ಮಸ್ ರಜೆ ಶುರುವಾಗುವುದರ ನಡುವಿನ ವಾರದ ದಿನಗಳು, ಜನವರಿಯ ನಡುಭಾಗದ ವಾರದ ದಿನಗಳು ನೋಡಲು ತಕ್ಕವು. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳು ವಾರಾಂತ್ಯಕ್ಕಿಂತ ಸಾಮಾನ್ಯವಾಗಿ ಅಗ್ಗ.

ಬೆಳಗಿನ ಅರ್ಧ ಗಂಟೆ

ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆಲ್ಲ, ದುಬಾರಿ ಕೋಣೆಯವರಿಗೂ ಅಗ್ಗದ ಕೋಣೆಯವರಿಗೂ, ಪ್ರತಿದಿನ ಪ್ರತಿ ಪಾರ್ಕಿನಲ್ಲೂ ಅರ್ಧ ಗಂಟೆ ಮುಂಚೆ ಪ್ರವೇಶವಿದೆ. ಹೇಳುವುದಕ್ಕೆ ಮೂವತ್ತೇ ನಿಮಿಷ. ಆದರೆ ಹೊತ್ತೇರಿದರೆ ಒಂದು ಗಂಟೆಗೂ ಮಿಕ್ಕಿ ಸಾಲು ನಿಲ್ಲಬೇಕಾದ ಸವಾರಿ ಆಗ ಬೇಗ ಮುಗಿಯುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್, ಆನಿಮಲ್ ಕಿಂಗ್‌ಡಮ್‌ನಲ್ಲಿ 'ಅವತಾರ್' ಲೋಕದ ಫ್ಲೈಟ್ ಆಫ್ ಪ್ಯಾಸೇಜ್, ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಸ್ಲಿಂಕಿ ಡಾಗ್ ಡ್ಯಾಶ್ ಇಂಥವು. ಎಪ್ಕಾಟ್‌ಗೆ ಕೇಬಲ್ ಕಾರಿನಲ್ಲಿ ಹೋದರೆ ಇಳಿಸುವುದು ಹಿಂಬದಿಯ ದ್ವಾರದಲ್ಲಿ, ಫ್ರಾನ್ಸ್ ಮತ್ತು ಬ್ರಿಟನ್ ಅಂಗಳಗಳ ನಡುವೆ. ರೆಮಿ ಎಂಬ ಸಿನಿಮಾ ಇಲಿಯ ಸವಾರಿ ಅಲ್ಲಿಂದ ಕೂಗಳತೆಯಲ್ಲಿದೆ. ಮುಂಬಾಗಿಲಿನಿಂದ ಬರುವವರು ನಡೆದು ಬರುವಷ್ಟರಲ್ಲಿ ನೀವು ಸವಾರಿ ಮುಗಿಸಿರುತ್ತೀರಿ.

ಅಧಿಕೃತವಾಗಿ 9ಕ್ಕೆ ತೆರೆಯುವ ಪಾರ್ಕಿಗೆ ನಿಮಗೆ 8.30ಕ್ಕೆ ಪ್ರವೇಶ. ಅಂದರೆ 8ಕ್ಕೆ ಗೇಟಿನಲ್ಲಿರಬೇಕು, ಕೋಣೆ ಬಿಡುವುದು 7.15ಕ್ಕೆ. ಎಂಟೂವರೆಗೆ ಎದ್ದು ನಿಧಾನ ಕಾಫಿ ಕುಡಿಯುವವರಿಗೆ ಈ ಸೌಲಭ್ಯ ಇದ್ದೂ ಇಲ್ಲದ ಹಾಗೆ.

ಸಾಲು ತಪ್ಪಿಸುವ 'ಲೈಟ್ನಿಂಗ್ ಲೇನ್' ಪಾಸಿಗೆ ಬೇರೆ ಹಣ. ಹೋಟೆಲಿನಲ್ಲಿ ಉಳಿದವರು ಅದನ್ನು 7 ದಿನ ಮುಂಚೆ ಬುಕ್ ಮಾಡಬಹುದು, ಹೊರಗಿನವರಿಗೆ 3 ದಿನ. ಜನ ಕಡಿಮೆ ಇರುವ ದಿನಗಳಲ್ಲಿ ಮುಂಜಾನೆಯ ಪ್ರವೇಶವೇ ಸಾಕು, ಇದಕ್ಕೆ ಹಣ ಸುರಿಯಬೇಡಿ. ರಜೆಯ ವಾರವಾದರೆ ಮಾತ್ರ ಯೋಚಿಸಿ. ಪುಕ್ಕಟೆ ಉಪಾಯವೊಂದಿದೆ: ಎಕ್ಸ್‌ಪೆಡಿಷನ್ ಎವರೆಸ್ಟ್, ಟೆಸ್ಟ್ ಟ್ರ್ಯಾಕ್, ಮಿಲೇನಿಯಮ್ ಫಾಲ್ಕನ್ ಮುಂತಾದ ಕಡೆ 'ಸಿಂಗಲ್ ರೈಡರ್' ಸಾಲು ಇರುತ್ತದೆ. ಸಾಲು ಬೇಗ ಸಾಗುತ್ತದೆ, ಆದರೆ ಇಬ್ಬರೂ ಬೇರೆ ಬೇರೆ ಅಪರಿಚಿತರ ಪಕ್ಕ ಕೂರಬೇಕು. ಮೊದಲ ಸಲ ಜೊತೆಯಾಗಿ, ಎರಡನೆಯ ಸಲ ಹೀಗೆ ಎಂದು ಇಟ್ಟುಕೊಂಡರೆ ಜಗಳವಿಲ್ಲ. ಗರ್ಭಿಣಿಯರು ಹತ್ತಬಾರದ ಸವಾರಿಗಳ ಸೂಚನೆ ಪ್ರತಿ ಪ್ರವೇಶದಲ್ಲೂ ಬರೆದಿರುತ್ತದೆ, ಕಡೆಗಣಿಸಬೇಡಿ.

ಮಧ್ಯಾಹ್ನ ಒಂದು ಗಂಟೆಗೆ ಪಾರ್ಕು ಬಿಟ್ಟು ಬನ್ನಿ. ಬಿಸಿಲೂ ಜನವೂ ಮಿತಿಮೀರುವ ಹೊತ್ತದು. ಕೋಣೆಯ ಏಸಿಯಲ್ಲಿ ಎರಡು ಗಂಟೆ ಮಲಗಿ, ಸ್ನಾನ ಮಾಡಿ, ಸಂಜೆ ಐದಕ್ಕೆ ಮತ್ತೆ ಹೋಗಿ. ದಿನಕ್ಕೆ ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ನಡೆಯಬೇಕಾಗುತ್ತದೆ. ಈ ನಿದ್ದೆಯಿಲ್ಲದಿದ್ದರೆ ರಾತ್ರಿಯ ಬಾಣಬಿರುಸಿನ ಹೊತ್ತಿಗೆ ಒಬ್ಬರು ಇನ್ನೊಬ್ಬರ ಮೇಲೆ ರೇಗುತ್ತಿರುತ್ತೀರಿ. ಹೋಟೆಲು ಹತ್ತಿರವಿದ್ದುದರ ನಿಜವಾದ ಸಂಪಾದನೆ ಇದೇ. ಹಿರಿಯರು ಪಾರ್ಕಿನ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಪಡೆಯಬಹುದು. ಮೊದಲು ಬಂದವರಿಗೆ ಮೊದಲು.

ಹೊಟ್ಟೆಪಾಡು

ಪಾಪ್ ಸೆಂಚುರಿಯಲ್ಲಿರುವುದು ಒಂದೇ ಫುಡ್ ಕೋರ್ಟು. ಪಿಜ್ಜಾ, ಪಾಸ್ತಾ, ಬರ್ಗರ್, ಬೆಳಗ್ಗೆ ವಾಫಲ್ಲು. ಸಸ್ಯಾಹಾರಿಗಳು ಮೆನುವಿನಲ್ಲಿ ಎಲೆಯ ಗುರುತಿರುವ ತಿನಿಸನ್ನು ನೋಡಿಕೊಳ್ಳಬೇಕು. ಅದು ಪ್ರಾಣಿಮೂಲದ ಪದಾರ್ಥವಿಲ್ಲ ಎಂಬ ಸೂಚನೆ. ಗುರುತಿಲ್ಲದಿದ್ದರೆ ಕೇಳಿಯೇ ತಿನ್ನಿ. ಮಾಂಸ ಹಾಕದ ಸೂಪಿಗೂ ಮಾಂಸ ಬೇಯಿಸಿದ ನೀರು ಬಿದ್ದಿರಬಹುದು, ಆಲೂಗಡ್ಡೆ ಕರಿದ ಎಣ್ಣೆಯಲ್ಲೇ ಕೋಳಿಯೂ ಕರಿದಿರಬಹುದು. ಮೊಟ್ಟೆ ತಿನ್ನದವರು ಅದನ್ನು ಬಿಡಿಸಿ ಹೇಳಬೇಕು. ಅಲ್ಲಿನವರ ಲೆಕ್ಕದಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ನಡೆಯುತ್ತದೆ.

ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಒಯ್ಯಲು ಡಿಸ್ನಿ ಅಡ್ಡಿ ಮಾಡುವುದಿಲ್ಲ. ಗಾಜಿನ ಡಬ್ಬಿ, ಮದ್ಯ ಬೇಡ, ಅಷ್ಟೆ. ಚಪಾತಿ-ಚಟ್ನಿಪುಡಿ, ಕೋಡುಬಳೆ, ಪುಳಿಯೋಗರೆ ನೆಮ್ಮದಿಯಾಗಿ ಬ್ಯಾಗಿಗೆ ಹಾಕಿ. ಕಾಫಿ ಯಂತ್ರದ ಬಿಸಿನೀರಿನಲ್ಲಿ ಎಂಟಿಆರ್‌ನ ದಿಢೀರ್ ಉಪ್ಪಿಟ್ಟು, ಅವಲಕ್ಕಿ ಆಗುತ್ತದೆ. ಬೆಳಗಿನ ಏಳಕ್ಕೆ ಹೊರಡುವವರಿಗೆ ಅದಕ್ಕಿಂತ ವೇಗದ ತಿಂಡಿ ಫುಡ್ ಕೋರ್ಟಿನಲ್ಲಿಲ್ಲ. ಪಾರ್ಕಿನಲ್ಲಿ ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಪಾನೀಯ ಕೊಡುವ ಕೌಂಟರುಗಳಲ್ಲಿ ಕೇಳಿದರೆ ಲೋಟದಲ್ಲಿ ಐಸ್ ನೀರು ಉಚಿತ. ಹೋಟೆಲಿನಲ್ಲಿ ಮಾರುವ 'ಮತ್ತೆ ತುಂಬಿಸುವ ಮಗ್'ಗೆ 20 ಡಾಲರಿಗೂ ಹೆಚ್ಚು, ಅದು ನಡೆಯುವುದು ಹೋಟೆಲುಗಳಲ್ಲಿ ಮಾತ್ರ, ಪಾರ್ಕಿನಲ್ಲಲ್ಲ. ದಿನವಿಡೀ ಹೊರಗಿರುವ ಇಬ್ಬರಿಗೆ ಅದು ನಷ್ಟದ ಬಾಬತ್ತು.

ಒಂದು ಹೊತ್ತಾದರೂ ಕುಳಿತು ಉಣ್ಣಬೇಕೆಂದರೆ ಆನಿಮಲ್ ಕಿಂಗ್‌ಡಮ್ ಲಾಡ್ಜ್‌ನ 'ಸನಾ'ಕ್ಕೆ ಹೋಗಿ. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಬೆರೆತ ಊಟ. ನಾನ್ ಮುಂತಾದ ಬಿಸಿ ರೊಟ್ಟಿಗಳನ್ನು ಬಗೆಬಗೆಯ ಚಟ್ನಿಗಳೊಂದಿಗೆ ಕೊಡುವ 'ಬ್ರೆಡ್ ಸರ್ವಿಸ್' ಇಬ್ಬರ ನಡುವೆ ಒಂದು ತಟ್ಟೆ ತೆಗೆದುಕೊಂಡರೆ ಧಾರಾಳ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಬೆಳಕಿರುವಾಗಲೇ ಹೋಗುವುದು ಲೇಸು. ಪಾಪ್ ಸೆಂಚುರಿಯಿಂದ ನೇರ ಬಸ್ಸಿಲ್ಲ. ಆನಿಮಲ್ ಕಿಂಗ್‌ಡಮ್ ನೋಡುವ ದಿನವೇ ಇಟ್ಟುಕೊಂಡರೆ ಪಾರ್ಕಿನಿಂದ ಲಾಡ್ಜ್ ಬಸ್ಸು ಸಿಗುತ್ತದೆ. ಮೇಜು 60 ದಿನ ಮುಂಚಿನಿಂದ ಕಾಯ್ದಿರಿಸಬಹುದು.

ಇಬ್ಬರಿಗೆಂದೇ

ಹೊಸದಾಗಿ ಮದುವೆಯಾಗಿದ್ದರೆ, ಇಲ್ಲವೇ ವಾರ್ಷಿಕೋತ್ಸವವಿದ್ದರೆ ಹೋಟೆಲಿನ ಕೌಂಟರಿನಲ್ಲಿ ಹೇಳಿ. ಅಂಗಿಗೆ ಸಿಕ್ಕಿಸುವ ಬಿಲ್ಲೆ ಪುಕ್ಕಟೆ ಕೊಡುತ್ತಾರೆ. ಅದನ್ನು ಹಾಕಿಕೊಂಡು ಓಡಾಡಿದರೆ ಸಿಬ್ಬಂದಿಯೆಲ್ಲ ಶುಭಾಶಯ ಕೋರುತ್ತಾರೆ. ಬೇರೇನಾದರೂ ಸಿಕ್ಕರೆ ನಿಮ್ಮ ಅದೃಷ್ಟ, ನಿರೀಕ್ಷೆ ಬೇಡ.

ಬಂದ ದಿನ ಸಂಜೆಗೆ ಪಾರ್ಕಿನ ಟಿಕೆಟ್ ಖರ್ಚು ಮಾಡಬೇಡಿ. ಒಂದು ದಿನದ ಟಿಕೆಟ್ಟಿಗೆ ತಲೆಗೆ ಕನಿಷ್ಠವೇ 119 ಡಾಲರ್, ದಟ್ಟಣೆಯ ದಿನಗಳಲ್ಲಿ 200ರ ಹತ್ತಿರ. ಮೂರು ಗಂಟೆಗೋಸ್ಕರ ಅಷ್ಟು ತೆರುವುದು ದುಂದು. ಕೇಬಲ್ ಕಾರಿಗೆ ಟಿಕೆಟ್ಟಿಲ್ಲ. ಹತ್ತಿ ಎಪ್ಕಾಟ್ ಬಾಗಿಲವರೆಗೆ ಹೋಗಿ, ಅಲ್ಲಿಂದ ಹೊರಬಿದ್ದು ಕೆರೆಯಂಚಿನ ಬೋರ್ಡ್‌ವಾಕ್‌ನಲ್ಲಿ ಅಡ್ಡಾಡಬಹುದು. ಬಸ್ಸಿನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿಸಾಲಿಗೆ ಹೋಗಿ ಬರಬಹುದು. ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ರಾತ್ರಿ ಹೋಟೆಲಿನ ಸೇತುವೆಯ ಮೇಲೆ ನಿಂತರೆ ಎಪ್ಕಾಟ್‌ನ ಬಾಣಬಿರುಸು ದೂರದಿಂದ ಕಾಣುತ್ತದೆ. ಸಂಗೀತ ಕೇಳದು, ನೂಕುನುಗ್ಗಲೂ ಇರದು.

ಈಜುಕೊಳಗಳು ಮೂರಿವೆ. ಅರವತ್ತರ ದಶಕದ ಹೂವಿನಾಕಾರದ ದೊಡ್ಡ ಕೊಳದಲ್ಲಿ ಮಕ್ಕಳ ಸಂತೆ. ಐವತ್ತರ ದಶಕದ ಬೌಲಿಂಗ್ ಪಿನ್ನಿನಾಕಾರದ್ದು, ತೊಂಬತ್ತರ ದಶಕದ ಕಂಪ್ಯೂಟರ್ ಆಕಾರದ್ದು ಹೋಲಿಕೆಯಲ್ಲಿ ಪ್ರಶಾಂತ. ಎಲ್ಲರೂ ಪಾರ್ಕಿಗೆ ಹೋಗಿರುವ ಬೆಳಗ್ಗೆ ಹತ್ತರ ಹೊತ್ತಿಗೆ, ಕೋಣೆ ಖಾಲಿ ಮಾಡುವ ದಿನ, ಕೊಳ ಹೆಚ್ಚುಕಡಿಮೆ ನಿಮ್ಮದೇ.

ಯಾರಿಗೆ ಬೇಡ

ಹನಿಮೂನ್ ಎಂದರೆ ದೊಡ್ಡ ಮಂಚ, ಬಾಲ್ಕನಿ, ಕೋಣೆಗೇ ಬರುವ ಉಪಾಹಾರ ಎಂದುಕೊಂಡವರಿಗೆ ಈ ಹೋಟೆಲು ನಿರಾಸೆ ಮಾಡುತ್ತದೆ. ಮಕ್ಕಳ ಗದ್ದಲ ಸಹಿಸದವರಿಗೂ ಅಷ್ಟೇ. ಹಗಲೆಲ್ಲ ಹೋಟೆಲಿನಲ್ಲೇ ಕಳೆಯುವ ಯೋಚನೆಯಿದ್ದರೆ 260 ಚದರಡಿ ಎರಡನೆಯ ದಿನಕ್ಕೇ ಉಸಿರುಗಟ್ಟಿಸೀತು. ಅಂಥವರು ಡಿಸ್ನಿ ಸ್ಪ್ರಿಂಗ್ಸ್ ಸುತ್ತಲಿನ, ಬೇರೆ ಕಂಪನಿಗಳು ನಡೆಸುವ ಹೋಟೆಲುಗಳನ್ನು ನೋಡಬಹುದು. ಅರ್ಧ ಗಂಟೆಯ ಮುಂಗಡ ಪ್ರವೇಶ ಅವರಿಗೂ ಇದೆ, ಕೋಣೆ ದೊಡ್ಡದು. ರೆಸಾರ್ಟ್ ಫೀ ಮತ್ತು ಪಾರ್ಕಿಂಗ್ ಎಷ್ಟೆಂದು ಮಾತ್ರ ಮೊದಲೇ ವಿಚಾರಿಸಿ.

ರೋಲರ್ ಕೋಸ್ಟರ್ ಹುಚ್ಚಿನ ಜೋಡಿಯಾದರೆ ಅದೇ ಊರಿನ ಯೂನಿವರ್ಸಲ್ ಕಡೆ ತಿರುಗಿ. ಅಲ್ಲಿನ ಸರ್ಫ್‌ಸೈಡ್, ಡಾಕ್‌ಸೈಡ್ ಎಂಬ ಅಗ್ಗದ ಹೋಟೆಲುಗಳಿಂದ ಪಾರ್ಕಿಗೆ ಉಚಿತ ಬಸ್ಸಿದೆ. 2025ರ ಮೇನಲ್ಲಿ ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿನ ಹತ್ತಿರ ಸ್ಟೆಲ್ಲಾ ನೋವಾ, ಟೆರ್ರಾ ಲೂನಾ ಎಂಬ ಎರಡು ಹೋಟೆಲುಗಳೂ ಅದೇ ವರ್ಷ ಬಂದಿವೆ.

ಬುಕ್ ಮಾಡುವ ಗುಂಡಿ ಒತ್ತುವ ಮುಂಚೆ ಇಬ್ಬರೂ ಕುಳಿತು ಮೂರು ಪ್ರಶ್ನೆಗೆ ಉತ್ತರಿಸಿಕೊಳ್ಳಿ: ಬೆಳಗ್ಗೆ ಏಳಕ್ಕೆ ಇಬ್ಬರೂ ಹೊರಡುತ್ತೀರಾ? ಮಧ್ಯಾಹ್ನ ಕೋಣೆಗೆ ಬಂದು ಮಲಗುತ್ತೀರಾ? ಕಾರಿಲ್ಲದೆ ಇರಬಲ್ಲಿರಾ? ಮೂರಕ್ಕೂ ಹೌದೆಂದರೆ ಪಾಪ್ ಸೆಂಚುರಿ. ಎರಡಕ್ಕೆ ಹೌದೆಂದರೆ ಆಲ್-ಸ್ಟಾರ್ ಸಾಕು. ಒಂದೇ ಆದರೆ ಹೊರಗಿನ ಹೋಟೆಲಿನಲ್ಲೇ ಉಳಿದು, ಮಿಕ್ಕ ದುಡ್ಡಿಗೆ ಇನ್ನೊಂದು ದಿನದ ಟಿಕೆಟ್ಟು ಸೇರಿಸಿಕೊಳ್ಳಿ.